ಚಳಿಗಾಲದಲ್ಲಿ ನಾಯಿಗಳ ಆರೋಗ್ಯರಕ್ಷಣೆ

ಮುಂಬಯಿಗೆ ಚಳಿಗಾಲವೇ ಇಲ್ಲವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ಉಷ್ಣತೆಯು 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಚಳಿ ಅಪರೂಪವೇ ಸರಿ. ಆದರೂ ಡಿಸೆಂಬರ್-ಜನವರಿಯ ಬೆಳಗಿನ ಜಾವದಲ್ಲಿ ಘಾಟ್ಕೋಪರದ ಗುಡ್ಡದ ಬದಿಯಲ್ಲಿ ಬೀಸುವ ತಣ್ಣನೆಯ ಗಾಳಿಯು ಎಳೆಯ ಮರಿಗಳಿಗೂ ಮುದಿನಾಯಿಗಳಿಗೂ ಅಪಾಯಕರವಾಗಬಲ್ಲದು.

ಆರೋಗ್ಯವಂತ ನಾಯಿಯ ದೇಹೋಷ್ಣವು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಅದು 99ಕ್ಕಿಂತ ಕೆಳಗಿಳಿದರೆ ವೈದ್ಯರ ನೆರವು ಅಗತ್ಯ. ದಟ್ಟ ರೋಮದ ತಳಿಗಳಿಗೆ ಇಲ್ಲಿಯ ಚಳಿ ಹಿತಕರವಾದುದರಿಂದ ಅವಕ್ಕೆ ಅಂಗಿ ತೊಡಿಸುವುದು ಅನಾವಶ್ಯಕ. ಕನ್ನಡನಾಡಿನ ಹೆಮ್ಮೆಯ ಮುಧೋಳ ನಾಯಿಯ ಸಂಗತಿ ಬೇರೆ. ಗಿಡ್ಡ ರೋಮ, ತೆಳು ಚರ್ಮ, ಅಲ್ಪ ಕೊಬ್ಬಿನ ಈ ಬೇಟೆನಾಯಿ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ.

ಶಹಾಬಾದ್ ಕಲ್ಲಿನ ಅಥವಾ ಮೊಸಾಯಿಕ್ ನೆಲ ರಾತ್ರಿ ತಣ್ಣಗಾಗುತ್ತದೆ. ಕೀಲುನೋವಿರುವ ಮುದಿನಾಯಿಗೆ ದಪ್ಪ ಚಾಪೆಯ ಮೇಲೆ ಕಂಬಳಿ ಹಾಸಬೇಕು. ಕಂಬಳಿಯ ಮಡಿಕೆಯಲ್ಲಿ ನ್ಯಾಫ್ತಲೀನಿನ ನುಸಿಗುಳಿಗೆ ಉಳಿಯದಂತೆ ನೋಡಿಕೊಳ್ಳಬೇಕು. ಅದು ನಾಯಿಗೆ ವಿಷ. ಸ್ನಾನವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿಸಿ, ರೋಮವನ್ನು ಬುಡದವರೆಗೆ ಒರೆಸಬೇಕು.

ನವಜಾತ ಮರಿಗಳಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಆದ್ದರಿಂದ ಸುಮ್ಮನೆ ಬಿದ್ದಿರುವ ತಣ್ಣನೆಯ ಮರಿ ಮಲಗಿದೆಯೆಂದು ಭಾವಿಸಬಾರದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ನಿಧಾನವಾಗಿ ಮೈ ಬೆಚ್ಚಗಾಗಿಸಬೇಕು. ಮೈ ಬೆಚ್ಚಗಾಗುವ ಮೊದಲು ಹಾಲು ಕುಡಿಸುವುದು ಅಪಾಯಕರ. ತಣ್ಣಗಾದ ಮರಿಗೆ ಅದು ಜೀರ್ಣವಾಗದು, ಶ್ವಾಸಕೋಶಕ್ಕೂ ಇಳಿಯಬಹುದು.

ಚಳಿಗಾಲದ ಹೊಗೆ ಮತ್ತು ಧೂಳಿನಿಂದ ಕೆಮ್ಮು ಉಲ್ಬಣಿಸುತ್ತದೆ. ಆಗ ಮನೆಮಂದಿಯ ಗುಳಿಗೆಗಳನ್ನು ನಾಯಿಗೆ ಕೊಡುವುದು ಮಹಾಪ್ರಮಾದ. ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸಬಲ್ಲದು. ಐಬುಪ್ರೊಫೇನ್ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಹಾನಿ ತರಬಲ್ಲದು. ಕೆಮ್ಮಿನೊಡನೆ ಜ್ವರ, ಕಣ್ಣು-ಮೂಗುಗಳಿಂದ ಕೀವು ಕಂಡರೆ ಅದು ಡಿಸ್ಟೆಂಪರ್ ರೋಗವಿರಬಹುದು. ಇದಕ್ಕೆ ಸಕಾಲದ ಲಸಿಕೆಯೇ ರಕ್ಷೆ. ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜೂ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆಯೂ ಇವೆ.

ಬೀದಿನಾಯಿಗಳೂ ಕರುಣೆಗೆ ಅರ್ಹ. ಸೊಸೈಟಿಯ ಆವರಣದ ಮೂಲೆಯಲ್ಲಿ ಒಣಗಿದ ಗೋಣಿಚೀಲ ಹಾಸಿದರೆ ಸಾಕು. ಒದ್ದೆಯಾದುದನ್ನು ಕೂಡಲೇ ಬದಲಿಸಬೇಕು. ಬೆಚ್ಚಗಿರುವ ಕಾರಿನಡಿ ಮರಿಗಳು ಮಲಗುವುದುಂಟು. ಬೆಳಿಗ್ಗೆ ಕಾರು ಹೊರಡಿಸುವ ಮುನ್ನ ಒಮ್ಮೆ ಬಗ್ಗಿ ನೋಡುವ ಅಭ್ಯಾಸವಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ.