ವಿಡಿಯೋ ಆಟಗಳಲ್ಲಿ ನಾಯಕಿಯರು

೨೦೧೩ನೆಯ ಇಸವಿಯಲ್ಲಿ ಅಮೆರಿಕದ ಒಂದು ಮನೆಯಲ್ಲಿ ನಡೆದ ಸಂಗತಿ ಇದು. ವಿಡಿಯೋ ಆಟಗಳನ್ನು ನಿರ್ಮಿಸುವ ಮೈಕ್ ಮೀಕ ಎಂಬವರು ತಮ್ಮ ಮೂರು ವರ್ಷದ ಮಗಳೊಡನೆ 'ಡಾಂಕಿ ಕಾಂಗ್' ಎಂಬ ಹಳೆಯ ಆಟವನ್ನು ಆಡುತ್ತಿದ್ದರು. ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೮೧ರಲ್ಲಿ ಹೊರತಂದ ಈ ಆಟದಲ್ಲಿ ದೈತ್ಯ ವಾನರವೊಂದು ಪೌಲೀನ್ ಎಂಬ ಯುವತಿಯನ್ನು ಎತ್ತಿಕೊಂಡು ಹೋಗಿ ಎತ್ತರದ ಕಟ್ಟಡದ ಮೇಲೆ ಕುಳಿತಿರುತ್ತದೆ. ಮಾರಿಯೋ ಎಂಬ ಬಡಗಿಯು ಏಣಿಗಳನ್ನು ಹತ್ತಿ, ಉರುಳಿ ಬರುವ ಪೀಪಾಯಿಗಳನ್ನು ಹಾರಿ ಆಕೆಯನ್ನು ಬಿಡಿಸಬೇಕು. ಆಡುವವನು ಮಾರಿಯೋ ಆಗಬಹುದೇ ಹೊರತು ಪೌಲೀನ್ ಆಗುವಂತಿಲ್ಲ. ತಾನೇ ಆ ಹುಡುಗಿಯಾಗಿ ಮಾರಿಯೋನನ್ನು ಬಿಡಿಸಬೇಕೆಂದು ಮಗು ಆಸೆಪಟ್ಟಿತು. ತಂದೆಯು ರಾತ್ರಿ ನಿದ್ರೆಗೆಟ್ಟು ಕುಳಿತು ಆಟವನ್ನೇ ತಿದ್ದಿದರು. ತಿದ್ದಿದ ಆಟದಲ್ಲಿ ಪೌಲೀನ್ ಏಣಿ ಹತ್ತಿದಳು. ಮಾರಿಯೋ ಮೇಲೆ ನಿಂತು ಕಾಯತೊಡಗಿದ.

ಈ ಚಿಕ್ಕ ಸಂಗತಿಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಆಲೋಚಿಸಬೇಕಾದ ಮೂರು ಪ್ರಶ್ನೆಗಳು ಅಡಗಿವೆ. ನಾಯಕನ ಸ್ಥಾನದಲ್ಲಿ ನಾಯಕಿಯನ್ನು ನಿಲ್ಲಿಸುವುದು ಯಂತ್ರಕ್ಕೆ ಎಷ್ಟು ಕಷ್ಟ? ಆಟಗಳಲ್ಲಿ ಸ್ತ್ರೀಪಾತ್ರಗಳು ಕಡಮೆ ಎಂದು ಹೇಳುತ್ತಾರಷ್ಟೆ. ಅದನ್ನು ಅಳೆಯುವುದು ಹೇಗೆ? ಕಡಮೆಯಾದರೆ ಆಡುವವರ ಮೇಲೆ ಅದರಿಂದ ಪರಿಣಾಮವೇನಾದರೂ ಉಂಟೆ? ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಯಂತ್ರಕ್ಕೆ ತಿಳಿದಿರುವುದು ಅಂಕೆಗಳು ಮಾತ್ರ

ನಮ್ಮ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರವನ್ನೋ ನವಿಲನ್ನೋ ತುಂಬುವುದನ್ನು ವಾಚಕರು ನೋಡಿರಬಹುದು. ಹಳೆಯ ಆಟಗಳ ಚಿತ್ರಗಳೂ ಇದೇ ರೀತಿಯವು. ಮೀಕ ಅವರು ತಿದ್ದಿದುದು ಮನೆಗಳಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ನಿಂಟೆಂಡೊ ಯಂತ್ರದ ಆಟವನ್ನು. ಆ ಯಂತ್ರದಲ್ಲಿ ಚಿತ್ರವನ್ನು ಸಣ್ಣ ಚೌಕಗಳಾಗಿ ವಿಭಾಗಿಸಲಾಗುತ್ತದೆ. ಒಂದು ಚೌಕದಲ್ಲಿ ಅಡ್ಡಲಾಗಿ ೮, ಉದ್ದಕ್ಕೆ ೮, ಒಟ್ಟು ೬೪ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಗೂ ನಾಲ್ಕು ಆಯ್ಕೆಗಳಿವೆ: ಮೂರು ಬಣ್ಣಗಳಲ್ಲಿ ಒಂದಾಗಿರಬಹುದು, ಇಲ್ಲವೆ ಹಿಂದಿನದು ಕಾಣುವಂತೆ ಪಾರದರ್ಶಕವಾಗಿರಬಹುದು. ನಾಲ್ಕರಲ್ಲಿ ಒಂದನ್ನು ಗುರುತಿಸಲು ಎರಡು ಬಿಟ್‌ಗಳು ಸಾಕು. ಆದುದರಿಂದ ಒಂದು ಚೌಕಕ್ಕೆ ೧೨೮ ಬಿಟ್‌ಗಳು, ಎಂದರೆ ೧೬ ಬೈಟ್‌ಗಳು ಬೇಕು. ಮಾರಿಯೋವಿನ ಆಕೃತಿ ಇಂತಹ ನಾಲ್ಕು ಚೌಕಗಳಿಂದ ಕೂಡಿದುದು. ಅವನ ಒಂದು ಭಂಗಿಯನ್ನು ನೆನಪಿನಲ್ಲಿ ಇಡಲು ಯಂತ್ರಕ್ಕೆ ೬೪ ಬೈಟ್‌ಗಳು ಸಾಕೆಂದಾಯಿತು.

ಇನ್ನೊಂದು ಮುಖ್ಯವಾದ ಅಂಶವಿದೆ. ಈ ಆಟವು ಒಟ್ಟು ೨೪ ಕಿಲೋಬೈಟ್‌ಗಳಷ್ಟು ದೊಡ್ಡದು. ಅದರಲ್ಲಿ ೧೬ ಕಿಲೋಬೈಟ್‌ಗಳಷ್ಟು ಭಾಗದಲ್ಲಿ ಆಟದ ನಿಯಮಗಳಿವೆ. ಉಳಿದ ೮ ಕಿಲೋಬೈಟ್‌ಗಳಲ್ಲಿ ಚಿತ್ರಗಳಿವೆ. ಎರಡನ್ನೂ ಬೇರೆ ಬೇರೆ ಉಗ್ರಾಣಗಳಲ್ಲಿ ಇಡಲಾಗಿದೆ. ಎಷ್ಟು ಎತ್ತರಕ್ಕೆ ನೆಗೆಯಬೇಕು, ಎಷ್ಟು ಬೇಗನೆ ಕೆಳಕ್ಕೆ ಬೀಳಬೇಕು, ಪೀಪಾಯಿ ತಗುಲಿದರೆ ಏನಾಗಬೇಕು ಎಂಬುದೆಲ್ಲವೂ ಮೊದಲನೆಯ ಉಗ್ರಾಣದ ವಿಷಯ. ನೆಗೆಯುವ ಆಕೃತಿಗೆ ಮೀಸೆಯಿದೆಯೋ ಉದ್ದ ಕೂದಲಿದೆಯೋ ಎಂಬುದು ಎರಡನೆಯ ಉಗ್ರಾಣದ ವಿಷಯ. ತೊಗಲುಗೊಂಬೆಯಾಟದಲ್ಲಿ ಗೊಂಬೆಯನ್ನು ಬದಲಾಯಿಸಿದರೂ ಆಡಿಸುವ ಕೈ ಬದಲಾಗದಿರುವಂತೆ, ಇಲ್ಲಿಯೂ ಚಿತ್ರ ಬದಲಾದರೆ ನಿಯಮ ಬದಲಾಗುವುದಿಲ್ಲ. ಒಬ್ಬ ತಂದೆಯು ಒಂದು ರಾತ್ರಿಯ ಶ್ರಮದಿಂದ ಈ ಕೆಲಸವನ್ನು ಮುಗಿಸಲು ಸಾಧ್ಯವಾದುದು ಇದರಿಂದಲೇ.

ಇಷ್ಟು ಸುಲಭವಾಗಿದ್ದರೂ ಮೊದಲಿನ ಆಟಗಳಲ್ಲಿ ನಾಯಕಿಯರು ಏಕೆ ವಿರಳವಾಗಿದ್ದರು? ಸ್ಥಳದ ಅಭಾವವೇ ಕಾರಣವೆಂದು ಹೇಳುವಂತಿಲ್ಲ. ೧೯೮೨ರಲ್ಲಿ ಕ್ಯಾರಲ್ ಷಾ ಎಂಬ ಮಹಿಳೆ ರಚಿಸಿದ 'ರಿವರ್ ರೇಡ್' ಎಂಬ ಆಟವು ಕೇವಲ ೪ ಕಿಲೋಬೈಟ್‌ಗಳದು. ಉದ್ದವಾದ ನದಿಯ ಚಿತ್ರವನ್ನು ಅಷ್ಟರಲ್ಲಿ ತುಂಬಲಾಗದೆಂದು, ಆಕೆ ನದಿಯನ್ನು ಶೇಖರಿಸಿಡದೆ, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಹುಟ್ಟಿಸುವ ಗಣಿತಸೂತ್ರದ ಮೂಲಕ ಆಗಿಂದಾಗ್ಗೆ ರಚಿಸುವಂತೆ ಮಾಡಿದಳು. ಜಾಣ್ಮೆಗೂ ಕೊರತೆಯಿರಲಿಲ್ಲ, ಆಟಗಳನ್ನು ರಚಿಸುವ ಮಹಿಳೆಯರೂ ಇದ್ದರು ಎಂಬುದಕ್ಕೆ ಇದು ಸಾಕ್ಷಿ. ಕೊರತೆಯಿದ್ದುದು ನಾಯಕನೆಂದರೆ ಪುರುಷನೇ ಎಂಬ ಕಲ್ಪನೆಯಲ್ಲಿ.

ಕೆಲವರು ನಾಯಕಿಯರು

ಈ ಕಲ್ಪನೆಯು ಹೇಗೆ ಕೆಲಸಮಾಡುತ್ತದೆ ಎಂಬುದನ್ನು ನಾಲ್ಕು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ೧೯೮೨ರ 'ಮಿಸ್ ಪ್ಯಾಕ್‌ಮನ್'. ೧೯೮೦ರ 'ಪ್ಯಾಕ್‌ಮನ್' ಆಟದ ನಾಯಕನು ಒಂದು ಹಳದಿ ವೃತ್ತ; ಅದಕ್ಕೊಂದು ಬಾಯಿ. ಅದನ್ನು ಹೆಣ್ಣನ್ನಾಗಿ ಮಾಡಲು ತಲೆಗೆ ರಿಬ್ಬನ್ನನ್ನೂ ತುಟಿಗೆ ಬಣ್ಣವನ್ನೂ ಸೇರಿಸಿದರು. ಹೊಸ ಆಟದಲ್ಲಿ ಚಕ್ರವ್ಯೂಹಗಳು ಒಂದರ ಬದಲು ನಾಲ್ಕಾದುವು. ಭೂತಗಳ ಚಲನೆಯನ್ನು ಮುಂಚಿತವಾಗಿ ಊಹಿಸುವುದು ಕಷ್ಟವಾಯಿತು. ಆಟವು ಮೊದಲಿನದಕ್ಕಿಂತ ಉತ್ತಮವೇ ಆಯಿತು. ಆದರೆ ಗಮನಿಸಬೇಕಾದುದೇನೆಂದರೆ, ಏನೂ ಗುರುತಿಲ್ಲದ ವೃತ್ತವನ್ನು ಜನರು ಗಂಡೆಂದೇ ತಿಳಿದರು. ಪುರುಷನೇ ಮೂಲಮಾದರಿ, ಸ್ತ್ರೀಯು ಅದಕ್ಕೆ ಅಂಟಿಸಿದ ಅಲಂಕಾರ ಎಂಬ ಭಾವನೆ ಇದರಲ್ಲಿ ಅಡಗಿದೆ.

ಎರಡನೆಯದು ೧೯೮೬ರಲ್ಲಿ ಜಪಾನಿನಲ್ಲಿ ಪ್ರಕಟವಾದ 'ಮೆಟ್ರಾಯ್ಡ್'. ಇದರ ನಾಯಕಿ ಸಾಮಸ್ ಆರನ್ ತಲೆಯಿಂದ ಕಾಲಿನವರೆಗೆ ಕವಚವನ್ನು ತೊಟ್ಟ ಯೋಧೆ. ಆಟದ ಇಂಗ್ಲಿಷ್ ಕೈಪಿಡಿಯಲ್ಲಿ ಆಕೆಯನ್ನು 'ಅವನು' ಎಂದೇ ಕರೆಯಲಾಗಿತ್ತು. ಆಟವನ್ನು ಶೀಘ್ರವಾಗಿ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಶಿರಸ್ತ್ರಾಣ ಕಳಚಿ, ಅಲ್ಲಿಯವರೆಗೆ ಹೋರಾಡಿದವಳು ಹೆಣ್ಣೆಂದು ತಿಳಿಯುತ್ತಿತ್ತು. ಇದು ಅನೇಕರ ಊಹೆಯನ್ನು ಅಲುಗಾಡಿಸಿದ ಕ್ಷಣ. ಆದರೂ ಇನ್ನಷ್ಟು ಬೇಗನೆ ಮುಗಿಸಿದರೆ ಆಕೆಯ ಉಡುಪು ಇನ್ನಷ್ಟು ಕಡಮೆಯಾಗುತ್ತಿತ್ತು. ಆಕೆಯ ಪರಾಕ್ರಮ ಆಡುವವನದಾಯಿತು, ದೇಹವು ಬಹುಮಾನವಾಯಿತು.

ಮೂರನೆಯದು ೧೯೯೬ರ 'ಟೂಂಬ್ ರೈಡರ್'. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ಎಂಬವರು ಮೊದಲು ಒಬ್ಬ ಪುರುಷ ಸಾಹಸಿಯನ್ನು ಕಲ್ಪಿಸಿಕೊಂಡು, ಬಳಿಕ ಅವನ ಸ್ಥಾನದಲ್ಲಿ ಲಾರಾ ಕ್ರಾಫ್ಟ್ ಎಂಬ ಪುರಾತತ್ತ್ವ ಶೋಧಕಿಯನ್ನು ನಿಲ್ಲಿಸಿದರು. ಆಕೆ ಜಗತ್ಪ್ರಸಿದ್ಧಳಾದಳು. ಧೈರ್ಯ, ಬುದ್ಧಿ, ಸ್ವಾತಂತ್ರ್ಯಗಳಿದ್ದರೂ ಜಾಹೀರಾತುಗಳು ಎತ್ತಿ ತೋರಿದುದು ಹೆಚ್ಚಾಗಿ ಆಕೆಯ ಅಂಗಾಂಗಗಳನ್ನೇ. ೨೦೧೩ರಲ್ಲಿ ಈ ಕಥೆಯನ್ನು ಹೊಸದಾಗಿ ಆರಂಭಿಸಿದಾಗ ಆಕೆಯ ಆಕಾರವನ್ನು ಸಹಜವಾದ ಅಳತೆಗೆ ತಂದರು. ಕಥೆಯನ್ನು ಬರೆದವರಲ್ಲಿ ಪ್ರಮುಖರು ರಿಯಾನ ಪ್ರಾಚೆಟ್ ಎಂಬ ಮಹಿಳೆ.

ನಾಲ್ಕನೆಯದು ನಮ್ಮ ದೇಶದ್ದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯು ೨೦೨೦ರಲ್ಲಿ 'ರಾಜಿ' ಎಂಬ ಆಟವನ್ನು ಹೊರತಂದಿತು. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಡುವ ಅಕ್ಕ ಇದರ ನಾಯಕಿ. ಡಾಂಕಿ ಕಾಂಗ್‌ನ ಕಥೆ ಇಲ್ಲಿ ತಲೆಕೆಳಗಾಗಿರುವುದನ್ನು ವಾಚಕರು ಕಾಣಬಹುದು: ಬಿಡಿಸಬೇಕಾದವನು ಹುಡುಗ, ಬಿಡಿಸುವವಳು ಹುಡುಗಿ.

ಮೂಳೆಗಳ ಲೆಕ್ಕ

ಚುಕ್ಕೆಗಳ ಕಾಲದಲ್ಲಿ ಇದು ಸುಲಭವಾಗಿದ್ದಿರಬಹುದು, ಈಗಿನ ಆಟಗಳಲ್ಲಿ ಹಾಗಲ್ಲ ಎಂಬ ಆಕ್ಷೇಪಣೆಯುಂಟು. ೨೦೧೪ರಲ್ಲಿ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಯೂಬಿಸಾಫ್ಟ್ ಸಂಸ್ಥೆಯ 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಎಂಬ ಆಟದಲ್ಲಿ ಹಲವರು ಕೂಡಿ ಆಡುವಾಗ ಸ್ತ್ರೀಪಾತ್ರವನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಚಲನೆಗಳನ್ನೂ ಉಡುಪುಗಳನ್ನೂ ಹೊಸದಾಗಿ ರಚಿಸಬೇಕಾಗುವುದರಿಂದ ಕೆಲಸವು ಇಮ್ಮಡಿಯಾಗುತ್ತದೆಂದು ನಿರ್ಮಾಪಕರು ಕಾರಣ ಕೊಟ್ಟರು.

ಇದನ್ನು ಪರೀಕ್ಷಿಸೋಣ. ಈಗಿನ ಆಟಗಳಲ್ಲಿ ಪಾತ್ರದೊಳಗೆ ಕಾಣದ ಒಂದು ಅಸ್ಥಿಪಂಜರವಿರುತ್ತದೆ. ಅದರ ಮೇಲೆ ತ್ರಿಕೋನಗಳಿಂದಾದ ಚರ್ಮವನ್ನು ಹೊದಿಸಲಾಗಿರುತ್ತದೆ. ಓಡುವುದೆಂದರೆ ಯಾವ ಕ್ಷಣದಲ್ಲಿ ಯಾವ ಕೀಲು ಎಷ್ಟು ಕೋನಕ್ಕೆ ಬಾಗಬೇಕು ಎಂಬುದರ ಪಟ್ಟಿ. ಕೋನಗಳು ಮೂಳೆಗಳ ಉದ್ದವನ್ನು ಅವಲಂಬಿಸಿಲ್ಲವಾದುದರಿಂದ ಒಂದು ಅಸ್ಥಿಪಂಜರಕ್ಕೆ ಮಾಡಿದ ಪಟ್ಟಿಯನ್ನು ಬೇರೆ ಅಳತೆಯ ಇನ್ನೊಂದಕ್ಕೂ ಅನ್ವಯಿಸಬಹುದು. ಪಾದವು ನೆಲದಲ್ಲಿ ಹೂತುಹೋಗದಂತೆ, ಕೈಯು ಆಯುಧವನ್ನು ಸರಿಯಾಗಿ ಮುಟ್ಟುವಂತೆ ಅಲ್ಲಲ್ಲಿ ತಿದ್ದಬೇಕಾಗುತ್ತದೆ. ಹೊಸ ಮುಖ, ಉಡುಪು, ಧ್ವನಿ ಇವುಗಳಿಗೆ ಶ್ರಮವಾಗುವುದು ನಿಜ. ಆದರೆ ಇಮ್ಮಡಿಯಾಗುತ್ತದೆಂಬುದು ಅತಿಶಯೋಕ್ತಿ. ಅದೇ ಮಾಲೆಯ ಹಿಂದಿನ ಆಟವೊಂದರಲ್ಲಿ ಚಲನೆಗಳನ್ನು ರಚಿಸಿದ್ದ ಜಾನತನ್ ಕೂಪರ್ ಅವರೇ, ಇದು ಒಂದೆರಡು ದಿನಗಳ ಕೆಲಸವೆಂದು ಬಹಿರಂಗವಾಗಿ ಅಭಿಪ್ರಾಯಪಟ್ಟರು. ೨೦೧೮ರಲ್ಲಿ ಅದೇ ಮಾಲೆಯ 'ಒಡಿಸ್ಸಿ' ಎಂಬ ಆಟದಲ್ಲಿ ಕಸಾಂಡ್ರ ಎಂಬ ನಾಯಕಿಯಾಗಿಯಾದರೂ ಅಲೆಕ್ಸಿಯೋಸ್ ಎಂಬ ನಾಯಕನಾಗಿಯಾದರೂ ಆಟವನ್ನೆಲ್ಲ ಆಡಬಹುದಾಗಿತ್ತು. ಮನಸ್ಸು ಮಾಡಿದರೆ ಮಾರ್ಗ ದೊರೆಯುತ್ತದೆಂದು ಇದರಿಂದ ತಿಳಿಯುತ್ತದೆ.

ಎಣಿಸುವ ವಿಜ್ಞಾನ

ಕೆಲವು ನಿದರ್ಶನಗಳಿಂದ ಸಾಮಾನ್ಯ ಸತ್ಯವನ್ನು ಸ್ಥಾಪಿಸಲಾಗದು. ತನಗೆ ಬೇಕಾದ ಆಟಗಳನ್ನು ಆರಿಸಿಕೊಂಡು ಯಾರು ಏನನ್ನಾದರೂ ಸಾಧಿಸಬಹುದು. ಆದುದರಿಂದ ವಿಜ್ಞಾನಿಗಳು ಜನಗಣತಿಯಂತೆ ಪಾತ್ರಗಳ ಗಣತಿಯನ್ನು ಮಾಡುತ್ತಾರೆ. ೨೦೦೯ರಲ್ಲಿ ಡಿಮಿಟ್ರಿ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಮಾರಾಟವಾದ ೧೫೦ ಆಟಗಳ ಪಾತ್ರಗಳನ್ನು ಎಣಿಸಿ ಪ್ರಕಟಿಸಿದರು. ಹೆಚ್ಚು ಜನ ಕೊಂಡ ಆಟವನ್ನು ಹೆಚ್ಚು ಜನ ನೋಡುತ್ತಾರಷ್ಟೆ. ಆದುದರಿಂದ ಮಾರಾಟಕ್ಕೆ ತಕ್ಕಂತೆ ಪ್ರತಿಯೊಂದು ಆಟಕ್ಕೂ ತೂಕವನ್ನು ಕೊಟ್ಟರು. ಪಾತ್ರಗಳಲ್ಲಿ ಪುರುಷರು ನೂರಕ್ಕೆ ಸುಮಾರು ೮೫, ಸ್ತ್ರೀಯರು ಸುಮಾರು ೧೫ ಎಂದು ಕಂಡುಬಂದಿತು. ಆ ದೇಶದ ಜನಸಂಖ್ಯೆಯಲ್ಲಾದರೋ ಸ್ತ್ರೀಯರು ಅರ್ಧಕ್ಕಿಂತ ತುಸು ಹೆಚ್ಚು.

ತಲೆಗಳನ್ನು ಎಣಿಸಿದರೆ ಸಾಲದು, ಮಾತುಗಳನ್ನೂ ಎಣಿಸಬೇಕು. ೨೦೨೩ರಲ್ಲಿ ಬ್ರಿಟನ್ನಿನ ಸ್ಟೆಫನಿ ರೆನ್ನಿಕ್, ಶಾನ್ ರಾಬರ್ಟ್ಸ್ ಮೊದಲಾದ ಸಂಶೋಧಕರು ೫೦ ಆಟಗಳ ಸಂಭಾಷಣೆಯನ್ನು ಗಣಕಯಂತ್ರದ ಸಹಾಯದಿಂದ ಪರಿಶೀಲಿಸಿದರು. ಅವುಗಳಲ್ಲಿ ೧೩,೦೦೦ಕ್ಕೂ ಹೆಚ್ಚು ಪಾತ್ರಗಳಿದ್ದುವು. ಪುರುಷಪಾತ್ರಗಳ ಮಾತು ಒಟ್ಟಿನಲ್ಲಿ ಸ್ತ್ರೀಪಾತ್ರಗಳ ಮಾತಿನ ಎರಡರಷ್ಟಿತ್ತು. ವರ್ಷಗಳು ಕಳೆದಂತೆ ಸ್ತ್ರೀಯರ ಪಾಲು ಹೆಚ್ಚುತ್ತಿದೆಯಾದರೂ ಅದರ ವೇಗ ಮಂದ. ನಾಯಕಿ ಇರುವ ಆಟದಲ್ಲಿಯೂ ಆಕೆಯನ್ನು ಸುತ್ತುವರಿದ ಅಂಗಡಿಯವರು, ಸೈನಿಕರು, ದಾರಿಹೋಕರು ಪುರುಷರೇ ಆಗಿದ್ದರೆ ತಕ್ಕಡಿ ಓರೆಯಾಗಿಯೇ ಉಳಿಯುತ್ತದೆ.

ವೇಷದ ಪರಿಣಾಮ

ಇದರಿಂದ ಆಡುವವರ ಮನಸ್ಸಿನ ಮೇಲೆ ಏನಾದರೂ ಆಗುತ್ತದೆಯೆ? ೨೦೦೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕ್ ಯೀ ಮತ್ತು ಜೆರೆಮಿ ಬೇಲನ್‌ಸನ್ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಂತ್ರವು ಸೃಷ್ಟಿಸಿದ ಕೃತಕ ಕೊಠಡಿಯಲ್ಲಿ ಕೆಲವರಿಗೆ ಎತ್ತರದ ಆಕೃತಿಯನ್ನೂ ಕೆಲವರಿಗೆ ಗಿಡ್ಡ ಆಕೃತಿಯನ್ನೂ ಕೊಟ್ಟು, ಹಣವನ್ನು ಹಂಚಿಕೊಳ್ಳಲು ಹೇಳಿದರು. ಎತ್ತರದ ಆಕೃತಿ ದೊರೆತವರು ತಮ್ಮ ಪಾಲಿಗಾಗಿ ಹೆಚ್ಚು ಪಟ್ಟುಹಿಡಿದರು. ಗಿಡ್ಡ ಆಕೃತಿಯವರು ಅನ್ಯಾಯದ ಹಂಚಿಕೆಗೂ ಹೆಚ್ಚಾಗಿ ಒಪ್ಪಿಕೊಂಡರು. ಯಾರಿಗೆ ಯಾವ ಆಕೃತಿಯೆಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಿದ್ದುದರಿಂದ ಸ್ವಭಾವದ ವ್ಯತ್ಯಾಸವು ಇದಕ್ಕೆ ಕಾರಣವಾಗಿರಲಾರದು. ಬೇಕಾದ ರೂಪವನ್ನು ತಾಳಬಲ್ಲ ಗ್ರೀಕ್ ದೇವತೆಯ ಹೆಸರಿನಿಂದ ಇದನ್ನು ಪ್ರೋಟಿಯಸ್ ಪರಿಣಾಮವೆಂದು ಕರೆದರು. ೨೦೧೩ರಲ್ಲಿ ಜೆಸ್ಸಿ ಫಾಕ್ಸ್ ಮೊದಲಾದವರು ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಪ್ರಚೋದಕ ಉಡುಪಿನ ಆಕೃತಿಯನ್ನು ಧರಿಸಿದ ಮಹಿಳೆಯರು ತಮ್ಮ ದೇಹದ ವಿಷಯವನ್ನು ಕುರಿತು ಹೆಚ್ಚಾಗಿ ಆಲೋಚಿಸಿದರೆಂದು ತಿಳಿದುಬಂದಿತು.

ಇಲ್ಲಿ ಎಚ್ಚರಿಕೆ ಅಗತ್ಯ. ಪ್ರಯೋಗಶಾಲೆಯ ಕೆಲವು ನಿಮಿಷಗಳಿಂದ ಜೀವಮಾನದ ಫಲವನ್ನು ನಿರ್ಣಯಿಸಲಾಗದು. ಆದರೆ ತೊಟ್ಟ ವೇಷವು ತೊಟ್ಟವರನ್ನು ಸ್ವಲ್ಪವಾದರೂ ಮುಟ್ಟುತ್ತದೆಂಬುದಕ್ಕೆ ಆಧಾರವಿದೆ. ಕಾಯುತ್ತ ನಿಲ್ಲುವ ವೇಷವೊಂದೇ ಹುಡುಗಿಗೆ ದೊರೆತರೆ, ಬಿಡಿಸುವ ವೇಷವೊಂದೇ ಹುಡುಗನಿಗೆ ದೊರೆತರೆ, ಇಬ್ಬರಿಗೂ ನಷ್ಟವೇ.

ನೀವೇ ಮಾಡಿ ನೋಡಿ

ಈ ಪಾಠಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ನಿಮ್ಮ ತರಗತಿಯವರು ಆಡುವ ಆಟಗಳ ಹೆಸರುಗಳನ್ನೆಲ್ಲ ಚೀಟಿಗಳಲ್ಲಿ ಬರೆದು, ಕಣ್ಣುಮುಚ್ಚಿ ಹತ್ತನ್ನು ಎತ್ತಿರಿ. ಪ್ರತಿಯೊಂದನ್ನೂ ಅರ್ಧ ಗಂಟೆ ನೋಡಿ ಐದು ಅಂಕಣಗಳ ಪಟ್ಟಿಯನ್ನು ಮಾಡಿರಿ: ಕಾಣಿಸಿದ ಪುರುಷರೆಷ್ಟು, ಸ್ತ್ರೀಯರೆಷ್ಟು, ಮಾತನಾಡಿದವರು ಯಾರು, ಆಡುವವರು ಯಾರಾಗಬಹುದು, ಯಾರು ಯಾರನ್ನು ಬಿಡಿಸುತ್ತಾರೆ. ಒಂದೇ ಆಟವನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಸದೆ ಎಣಿಸಿ, ಆಮೇಲೆ ಹೋಲಿಸಿರಿ. ಎಣಿಕೆಗಳು ಹೊಂದದಿದ್ದರೆ ದೋಷವು ನಿಮ್ಮ ಕಣ್ಣಿನದೋ ನಿಯಮದ್ದೋ ಎಂದು ವಿಚಾರಮಾಡಿರಿ. ವಿಜ್ಞಾನವು ಪ್ರಾರಂಭವಾಗುವುದು ಅಲ್ಲಿಂದಲೇ.

ಮೂರು ವರ್ಷದ ಮಗುವೊಂದು ಕೇಳಿದ ಪ್ರಶ್ನೆಯನ್ನು ಯಂತ್ರವು ಎಂದೂ ಕೇಳಲಾರದು. ಅದಕ್ಕೆ ೬೪ ಬೈಟ್‌ಗಳಲ್ಲಿ ಯಾರ ಚಿತ್ರವಿದ್ದರೂ ಒಂದೇ. ಅಲ್ಲಿ ಯಾರ ಚಿತ್ರವಿರಬೇಕೆಂಬುದನ್ನು ಗೊತ್ತುಮಾಡುವವರು ಮನುಷ್ಯರು. ಮುಂದೆ ಅಂತಹ ಆಟಗಳನ್ನು ರಚಿಸುವವರು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೂ ವಿದ್ಯಾರ್ಥಿನಿಯರಲ್ಲಿಯೂ ಇರಬಹುದೆಂಬುದನ್ನು ನಾವು ಮರೆಯುವಂತಿಲ್ಲ.