ಬಿಚ್ಚೋದು ಸುಲಭ, ಕೂಡಿಸೋದು ಕೆಲಸ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಟ್ರ್ಯಾಕ್ಟರ್ ಹತ್ತಿಸುವಂತಿಲ್ಲ. ರಾಮನಗರ–ಚನ್ನಪಟ್ಟಣ ನಡುವೆ ಓಡಾಡುವ ಟ್ರ್ಯಾಕ್ಟರುಗಳಿಗೆ ಕೆಂಗಲ್ ಆಂಜನೇಯನ ಗುಡಿ ಮುಂದಿನ ಹಳೇ ರಸ್ತೆಯೇ ಗತಿ. ಅವುಗಳಲ್ಲಿ ಕೆಲವು ಚೇಂಬರ್ ಒಳಗೆ ‘ಟಕಟಕ’ ಸದ್ದು ಮಾಡಿಕೊಂಡು ನಮ್ಮಂಥವರ ಶೆಡ್ಡಿಗೆ ಬರುತ್ತವೆ. ರಾಡ್ ಬೇರಿಂಗ್ ಹೋದ ಸದ್ದು ಅದು. ಈ ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳುವ ಮಾತುಗಳಿವು.

1. ಬೋಲ್ಟಿಗೆ ಕೈ ಹಾಕುವ ಮುಂಚೆ ರಾಡಿಗೂ ಕ್ಯಾಪಿಗೂ ಒಂದೇ ಬದಿಯಲ್ಲಿ ನಂಬರ್ ಇದೆಯೇ ನೋಡು. ಇಲ್ಲದಿದ್ದರೆ ರೇಡಿಯೇಟರ್ ಕಡೆಯಿಂದ ಎಣಿಸಿ ಗುರುತು ಹಾಕು. ರಾಡಿಗೆ ಕ್ಯಾಪ್ ಬಿಗಿದ ಮೇಲೆಯೇ ಕಾರ್ಖಾನೆಯಲ್ಲಿ ಅದರ ತೂತಿಗೆ ಕೊನೆಯ ಅಳತೆ ಕೊಡುವುದು. ಹಾಗಾಗಿ ಒಂದರ ಕ್ಯಾಪು ಇನ್ನೊಂದಕ್ಕೆ ಆಗುವುದಿಲ್ಲ. ತನ್ನದೇ ಕ್ಯಾಪನ್ನು ತಿರುಗಿಸಿ ಹಾಕಿದರೂ ತೂತು ದುಂಡಗೆ ಉಳಿಯುವುದಿಲ್ಲ.

2. ಹಳೇ ಬೇರಿಂಗನ್ನು ಗುಜರಿಗೆ ಎಸೆಯುವ ಮುಂಚೆ ಬಿಸಿಲಿಗೆ ಹಿಡಿದು ನೋಡು. ಸುತ್ತಲೂ ಗೀರು ಬಿದ್ದಿದ್ದರೆ ಆಯಿಲ್‌ನಲ್ಲಿ ಕಸವಿತ್ತು. ಕ್ರಷರ್ ಕಡೆ ದುಡಿಯುವ ಗಾಡಿಗಳಲ್ಲಿ ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಕಲ್ಲುಪುಡಿ ಒಳಗೆ ಇಳಿದಿರುತ್ತದೆ. ಮೇಲಿನ ಅರ್ಧ ಒಂದು ಅಂಚಲ್ಲಿ, ಕೆಳಗಿನ ಅರ್ಧ ಅದರ ಎದುರು ಅಂಚಲ್ಲಿ ಸವೆದಿದ್ದರೆ ರಾಡ್ ಬಗ್ಗಿದೆ ಎಂದು ಅನುಮಾನಿಸು. ಅದನ್ನು ಲೇತ್‌ನವರಿಗೆ ಕೊಟ್ಟು ಚೆಕ್ ಮಾಡಿಸದೆ ಹೊಸ ಬೇರಿಂಗ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

3. ಗ್ರೈಂಡಿಂಗ್‌ನಿಂದ ಬಂದ ಕ್ರ್ಯಾಂಕ್ ನೋಡಲು ಫಳಫಳ ಅನ್ನುತ್ತದೆ, ಆದರೆ ಅದರ ಆಯಿಲ್ ತೂತುಗಳ ತುಂಬ ಗ್ರೈಂಡಿಂಗ್ ಪುಡಿ ಕೂತಿರುತ್ತದೆ. ಡೀಸೆಲ್, ಬ್ರಷ್, ಏರ್ ಮೂರೂ ಬೇಕು. ಆಮೇಲೆ ಮೈಕ್ರೋಮೀಟರ್. ನಾವು ಹತ್ತು ಸೈಜು, ಇಪ್ಪತ್ತು ಸೈಜು ಅನ್ನುವುದು 0.25, 0.50 ಮಿ.ಮೀ. ಕಡಿಮೆ ಮಾಡಿದ ಜರ್ನಲ್ಲಿಗೆ, ಅಂದರೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗಕ್ಕೆ. ಹೊಸ ಬೇರಿಂಗಿನ ಡಬ್ಬದ ಮೇಲಿನ ಸೈಜನ್ನಷ್ಟೇ ನಂಬಬೇಡ, ಶೆಲ್ಲಿನ, ಅಂದರೆ ಬೇರಿಂಗಿನ ಒಂದೊಂದು ಅರ್ಧದ, ಬೆನ್ನ ಮೇಲಿರುವುದನ್ನೂ ಓದು.

4. ಬೇರಿಂಗ್ ಹಿಂದೆ ಹಾಳೆ ಇಡಬೇಡ. ಸಂಕ್ರಾಂತಿ ಹೊತ್ತಿಗೆ ಅದೇ ಕೆಂಗಲ್‌ನಲ್ಲಿ ಅಯ್ಯನಗುಡಿ ದನಗಳ ಜಾತ್ರೆ. ಹುಲ್ಲು ಸಾಗಿಸುವ ಅವಸರದಲ್ಲಿ ಒಬ್ಬರು, “ಸಿಗರೇಟ್ ಪ್ಯಾಕಿನ ಹಾಳೆ ಕೊಟ್ಟು ಟೈಟ್ ಮಾಡ್ಬುಡಣ್ಣೊ, ಜಾತ್ರೆ ಕಳೀಲಿ” ಅಂದರು. ನಾನು ಒಪ್ಪಲಿಲ್ಲ, ಗಾಡಿ ಎಳೆದುಕೊಂಡು ಬೇರೆ ಕಡೆ ಹೋದರು. ಹೋಗಲಿ. ಶೆಲ್ಲಿನ ಬೆನ್ನು ರಾಡಿಗೆ ಪೂರ್ತಿ ಅಂಟಿಕೊಂಡರೇ ಅದರ ಬಿಸಿ ರಾಡಿಗೆ ಇಳಿಯುವುದು. ನಡುವೆ ಹಾಳೆ ಬಂದರೆ ಬಿಸಿ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಚಟ ಅರ ಹಾಕುವುದು. ಶೆಲ್ಲನ್ನು ಕೂರಿಸಿದಾಗ ಅದರ ತುದಿ ಕ್ಯಾಪಿನ ಅಂಚಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಅದು ಜಾಸ್ತಿಯಾದದ್ದಲ್ಲ, ಬೇಕೆಂದೇ ಬಿಟ್ಟಿರುವುದು. ಬೋಲ್ಟ್ ಬಿಗಿದಾಗ ಎರಡು ಅರ್ಧಗಳೂ ಒಂದನ್ನೊಂದು ಒತ್ತಿ ರಾಡನ್ನು ಕಚ್ಚಿಕೊಳ್ಳುವುದು ಆ ಎತ್ತರದಿಂದಲೇ. ಉಜ್ಜಿದರೆ ಹಿಡಿತ ಹೋಗಿ, ಶೆಲ್ಲು ರಾಡಿನೊಳಗೇ ಸುತ್ತಿ, ಆಯಿಲ್ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ರಾಡು, ಕ್ರ್ಯಾಂಕು ಎರಡೂ ಹೋದವು. ಶೆಲ್ಲಿನ ಬೆನ್ನನ್ನು ಒಣಗಿದ ಬಟ್ಟೆಯಲ್ಲಿ ಒರೆಸು. ಆಯಿಲ್ ಒಳಮೈಗೆ ಮಾತ್ರ.

5. ಪ್ಲಾಸ್ಟಿಗೇಜ್ ಎಂಬ ಮೇಣದಂಥ ದಾರ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಸ್ಪೇರ್ ತರಲು ಹೋದಾಗ ಕೇಳಿ ನೋಡು. ಒಣ ಜರ್ನಲ್ ಮೇಲೆ ತುಂಡನ್ನಿಟ್ಟು, ಪೂರ್ತಿ ಟಾರ್ಕ್ ಕೊಟ್ಟು, ಕ್ರ್ಯಾಂಕ್ ತಿರುಗಿಸದೆ ಕ್ಯಾಪ್ ತೆಗೆ. ಅಪ್ಪಚ್ಚಿಯಾದ ದಾರ ಅಗಲವಾದಷ್ಟೂ ಸಂದು ಕಡಿಮೆ. 60 ಮಿ.ಮೀ. ಜರ್ನಲ್ಲಿಗೆ 0.06 ಮಿ.ಮೀ. ಆಸುಪಾಸು ಎಂಬುದು ನಮ್ಮ ಲೆಕ್ಕ. ಕಂಪನಿ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

6. ಪಿಸ್ಟನ್ ಇಳಿಸುವಾಗ ಜರ್ನಲ್ ಕೆಳಗಿರಲಿ. ರಾಡಿನಲ್ಲೇ ಬೋಲ್ಟ್ ಕೂತಿರುವ ಎಂಜಿನ್ ಆದರೆ ಅವಕ್ಕೆ ಡೀಸೆಲ್ ಪೈಪಿನ ತುಂಡು ತೊಡಿಸು. ಗ್ರೈಂಡ್ ಆಗಿ ಬಂದ ಕ್ರ್ಯಾಂಕಿಗೆ ಒಂದು ಗೀರು ಸಾಕು, ಮತ್ತೆ ಖರ್ಚು.

7. ಟಾರ್ಕ್ ರೆಂಚ್ ಇಲ್ಲದೆ ರಾಡ್ ಬೋಲ್ಟ್ ಮುಟ್ಟಬೇಡ. “ನನ್ನ ಕೈಗೆ ಗೊತ್ತು” ಅನ್ನುವ ಹಿರಿಯರ ಮೇಲೆ ನನಗೆ ಗೌರವವಿದೆ, ಈ ಒಂದು ಮಾತಿನಲ್ಲಿ ನಂಬಿಕೆಯಿಲ್ಲ. ಎರಡು ಮೂರು ಹಂತದಲ್ಲಿ ಬಿಗಿ. ಒಂದೊಂದು ಕ್ಯಾಪ್ ಆದಮೇಲೂ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸು. ಎಲ್ಲಿ ಬಿಗಿಯಾಯಿತೋ ಅದೇ ರಾಡಿನಲ್ಲಿ ತಪ್ಪಿದೆ. ಎಲ್ಲ ಬಿಗಿದ ಮೇಲೆ ಹುಡುಕಲು ಹೋದರೆ ಸಂಜೆಯಾಗುತ್ತದೆ.

8. ಮೊದಲ ಸ್ಟಾರ್ಟಿಗೆ ಮುಂಚೆ ಸ್ಟಾಪ್ ಎಳೆದು ಹಿಡಿದು, ತಡೆತಡೆದು ಸೆಲ್ಫ್ ಹೊಡಿ. ಆಯಿಲ್ ಪ್ರೆಷರ್ ಏರಿದ ಮೇಲೆ ಸ್ಟಾರ್ಟ್ ಮಾಡು.

ಗಾಡಿ ಮಾಲೀಕರಿಗೂ ಒಂದು ಮಾತು: ಬಿಲ್ ಕೊಡುವಾಗ ಹಳೇ ಬೇರಿಂಗನ್ನು ಕೇಳಿ ಇಸಕೊಳ್ಳಿ. ಕ್ರ್ಯಾಂಕ್ ಎಷ್ಟು ಸೈಜಿಗೆ ಹೋಗಿದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದೆ ಆ ಎಂಜಿನ್ ಬಿಚ್ಚುವವನು ಯಾರೇ ಆಗಿರಲಿ, ಮೊದಲು ಕೇಳುವುದು ಅದನ್ನೇ.