ನದಿಯ ಎರಡು ದಡ, ನಾಲ್ಕು ಚೀಟಿ: ತೆರಿಗೆ ಮತ್ತು ವಾಸಸ್ಥಳದ ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಆನೇಕಲ್ ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿ. ‘ಜನರು ವಾಸಸ್ಥಳ ಆರಿಸಿಕೊಳ್ಳುವಲ್ಲಿ ತೆರಿಗೆಯ ಪ್ರಭಾವವನ್ನು ವಿದ್ಯಾರ್ಥಿಗಳು ವಿವರಿಸುವರು’ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಉದಾಹರಣೆ, ಅಮೆರಿಕದ ಕೊಲಂಬಿಯಾ ನದಿ.

ಕರಿಹಲಗೆಯ ಮೇಲೆ ನದಿ ಎಳೆದೆ. ದಕ್ಷಿಣಕ್ಕೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್, ಉತ್ತರಕ್ಕೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್. (ಕೆನಡಾದ ವ್ಯಾಂಕೂವರ್ ಬೇರೆ, ಮೊದಲೇ ಹೇಳದಿದ್ದರೆ ನಕಾಶೆಯಲ್ಲಿ ಮಕ್ಕಳು ದಾರಿ ತಪ್ಪುತ್ತಾರೆ.) ಆರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಆದರೆ ರಾಜ್ಯದ ಆದಾಯ ತೆರಿಗೆ ಇದೆ, ಮೇಲಿನ ಹಂತದಲ್ಲಿ ಶೇ 9.9. ವಾಷಿಂಗ್ಟನ್‌ನಲ್ಲಿ ಸಾಮಾನ್ಯ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ; ಅಂಗಡಿಯಲ್ಲಿ ಮಾತ್ರ ರಾಜ್ಯದ್ದೇ ಶೇ 6.5, ಸ್ಥಳೀಯ ತೆರಿಗೆ ಅದರ ಮೇಲೆ.

ನಾಲ್ಕು ಗುಂಪಿಗೆ ನಾಲ್ಕು ಚೀಟಿ ಕೊಟ್ಟೆ: ಪಿಂಚಣಿದಾರ, ಪೋರ್ಟ್‌ಲ್ಯಾಂಡಿನ ಆಸ್ಪತ್ರೆಯ ನರ್ಸ್, ವ್ಯಾಂಕೂವರ್‌ನಲ್ಲೇ ಕೆಲಸವಿರುವ ಬಡಗಿ, ಕಡಿಮೆ ಸಂಬಳದಲ್ಲಿ ಬಾಡಿಗೆ ಮನೆ ಹುಡುಕುವ ತಾಯಿ. ಎಲ್ಲಿ ಮನೆ ಮಾಡುತ್ತೀರಿ? ನಾಲ್ಕೂ ಗುಂಪು ಉತ್ತರ ದಡಕ್ಕೇ ಅಂಟಿಸಿದವು. ವಾಸ ಆ ಕಡೆ, ಖರೀದಿ ಈ ಕಡೆ! ನಾನು ‘ಸರಿ’ ಎಂದು ಗುರುತು ಹಾಕಿದೆ. ಬೆಲ್ಲಿಗೆ ಮುಂಚೆ ಮುಗಿಸಿದ ಹೆಮ್ಮೆ ಬೇರೆ.

ಮಾರ್ಗದರ್ಶಕ ಉಪನ್ಯಾಸಕಿಯವರ ವೀಕ್ಷಣಾ ಪುಟದಲ್ಲಿ ಒಂದೇ ಸಾಲಿತ್ತು: ನರ್ಸ್ ಚೀಟಿ ಮತ್ತೆ ನೋಡಿ. ನೋಡಿದೆ. ಆರೆಗಾನ್‌ನಲ್ಲಿ ದುಡಿದ ಸಂಬಳಕ್ಕೆ, ದುಡಿದವರ ಮನೆ ನದಿಯಾಚೆ ಇದ್ದರೂ, ಆರೆಗಾನ್ ತೆರಿಗೆ ಹಾಕುತ್ತದೆ. ಆ ನರ್ಸ್‌ಗೆ ಮನೆ ಬದಲಿಸಿ ಆದಾಯ ತೆರಿಗೆ ಉಳಿಯದು. ದಿನಾ ಸೇತುವೆ ದಾಟುವ ಕಷ್ಟ ಮಾತ್ರ. ಖರೀದಿಯ ಲೆಕ್ಕವೂ ತಪ್ಪೇ. ಆಚೆಯಿಂದ ತಂದ ಸಾಮಾನಿಗೆ ವಾಷಿಂಗ್ಟನ್ ನಿವಾಸಿಗಳು ಕಾನೂನಿನಂತೆ ‘ಬಳಕೆ ತೆರಿಗೆ’ ಕಟ್ಟಬೇಕು.

ಮರುದಿನ ತರಗತಿಯ ಮುಂದೆ ‘ನಿನ್ನೆ ನಾನು ಹೇಳಿದ್ದು ತಪ್ಪು’ ಎನ್ನಬೇಕಾಯಿತು. ಮಕ್ಕಳು ನಗುತ್ತಾರೆಂದು ಹೆದರಿದ್ದೆ. ಯಾರೂ ನಗಲಿಲ್ಲ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: “ಮಿಸ್, ನಮ್ಮನೆ ಅತ್ತಿಬೆಲೆ. ಅಪ್ಪ ಕೆಲಸಕ್ಕೆ ಹೋಗೋದು ಹೊಸೂರಿಗೆ. ಅವರದ್ದು ಯಾವ ಚೀಟಿ?”

ಇದು ಪಾಠಯೋಜನೆಯಲ್ಲಿ ಇರಲಿಲ್ಲ, ಇರಬೇಕಿತ್ತು. ನಮ್ಮಲ್ಲಿ ಸಂಬಳದ ಆದಾಯ ತೆರಿಗೆ ಕೇಂದ್ರದ್ದು. ಗಡಿ ದಾಟಿದರೆ ಬದಲಾಗದು. ರಾಜ್ಯದ ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2500 ರೂಪಾಯಿ ಮಿತಿ ಹಾಕಿದೆ. 2017ರಿಂದ ಜಿಎಸ್‌ಟಿ ಎರಡೂ ಕಡೆ ಒಂದೇ; ಪೆಟ್ರೋಲ್, ಡೀಸೆಲ್, ಮದ್ಯ ಅದರ ಹೊರಗಿವೆ. “ಮತ್ತೆ ಅತ್ತಿಬೆಲೆಯಲ್ಲೇ ಯಾಕಿದ್ದೀರಿ?” ಎಂದೆ. “ನಂಗೆ ಕನ್ನಡ ಸ್ಕೂಲ್ ಬೇಕಲ್ಲ ಮಿಸ್.”

ಚೀಟಿಗಳನ್ನು ಮತ್ತೆ ಹಂಚಿದೆ. ಪಿಂಚಣಿದಾರ, ಬಡಗಿ ಉತ್ತರದಲ್ಲೇ ಉಳಿದರು. ನರ್ಸ್ ದಕ್ಷಿಣಕ್ಕೆ ಬಂದರು. ತಾಯಿಯ ಗುಂಪು ಬಾಡಿಗೆ, ಬಸ್ಸು, ಶಾಲೆ ಎಂದು ವಾದಕ್ಕಿಳಿಯಿತು. ಈ ಪಾಠ ಮಾಡುವ ಸಹಪಾಠಿಗಳು ಆ ಚೀಟಿಗೇ 15 ನಿಮಿಷ ಇಟ್ಟುಕೊಳ್ಳಿ. ನನಗೆ ಅಷ್ಟರಲ್ಲಿ ಬೆಲ್ ಹೊಡೆಯಿತು.